ಲೋಚ್ ಮೀನು ಮಂಕಾದಾಗ: ಮದ್ದಿನ ಬಾಟಲಿ ತೆರೆಯುವ ಮೊದಲು

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತೂವರೆಗೆ ಉಡುಪಿಯಿಂದ ಚಿಕ್ಕಪ್ಪನ ಮಗಳ ಫೋನ್ ಬಂತು.

"ಅಣ್ಣ, ಒಂದು ಮೀನು ಅಡ್ಡ ಬಿದ್ದುಂಟು. ಬಣ್ಣ ಎಲ್ಲ ಹೋಗಿದೆ. ಅಂಗಡಿಯವರು ಕೊಟ್ಟ ನೀಲಿ ಮದ್ದು ಮನೆಯಲ್ಲುಂಟು, ಹಾಕ್ಲಾ?"

"ಈಗ ಏನೂ ಹಾಕ್ಬೇಡ. ಕಿವಿರು ಆಡ್ತಾ ಉಂಟಾ ನೋಡು."

"ಆಡ್ತಾ ಉಂಟು. ನಿಧಾನಕ್ಕೆ."

"ಟ್ಯಾಂಕಿನ ಲೈಟ್ ಯಾವಾಗ ಆಫ್ ಮಾಡಿದ್ದು?"

"ಒಂಬತ್ತಕ್ಕೆ. ಈಗ ನೀರು ಕುಡೀಲಿಕ್ಕೆ ಎದ್ದವಳು ಟಾರ್ಚ್ ಬಿಟ್ಟು ನೋಡಿದೆ."

ಆ ಮೀನು ಮಲಗಿತ್ತು, ಅಷ್ಟೇ. ಕಿತ್ತಳೆ ಮೈಗೆ ಕಪ್ಪು ಪಟ್ಟೆಯ ಅಕ್ವೇರಿಯಂ ಮೀನಾದ ಕ್ಲೌನ್ ಲೋಚ್ ಮಲಗುವ ಕ್ರಮವೇ ಹಾಗೆ. ಕಲ್ಲಿನ ಸಂದಿಯಲ್ಲೋ ಮರದ ಕೊರಡಿನ ಅಡಿಯಲ್ಲೋ ತೂರಿಕೊಂಡು, ಕೆಲವು ಸಲ ಪೂರ್ತಿ ಒಂದು ಮಗ್ಗುಲಿಗೆ ಬಿದ್ದು, ಮೈಯ ಕಿತ್ತಳೆ ಬಣ್ಣ ಇಳಿಸಿಕೊಂಡು ಮಲಗುತ್ತದೆ. ಬೆಳಿಗ್ಗೆ ಲೈಟ್ ಹಾಕಿ ಸ್ವಲ್ಪ ಹೊತ್ತಾದರೆ ಬಣ್ಣ ತಾನಾಗಿ ಏರುತ್ತದೆ. ಆ ರಾತ್ರಿ ನೀಲಿ ಮದ್ದು ಹಾಕಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಮೆಥಿಲೀನ್ ಬ್ಲೂ ಎಂಬ ಆ ಮದ್ದು ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡುತ್ತದೆ. ಅವು ಸತ್ತರೆ ಮೀನಿನ ಹೇಲಿನಿಂದ ಬರುವ ಅಮೋನಿಯಾ ಏರುತ್ತದೆ, ಆಮೇಲೆ ಆರೋಗ್ಯವಾಗಿದ್ದ ಮೀನೂ ನಿಜವಾಗಿ ಕಾಯಿಲೆ ಬೀಳುತ್ತದೆ.

ಮಂಗಳೂರಿನ ಕದ್ರಿ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ ನಾನು ಲೋಚ್ ಸಾಕಲು ತೊಡಗಿ ಹದಿನಾಲ್ಕು ವರ್ಷ ಆಯಿತು. ಈ ಕಾಲದಲ್ಲಿ ನನ್ನ ಟ್ಯಾಂಕಿನಲ್ಲಿ ಸತ್ತ ಮೀನುಗಳನ್ನು ನೆನಪು ಮಾಡಿಕೊಂಡರೆ, ಕಾಯಿಲೆಯಿಂದ ಸತ್ತವು ಕಡಿಮೆ. ನಾನು ಅವಸರ ಮಾಡಿ ಹಾಕಿದ ಮದ್ದಿನಿಂದ, ಅವಸರ ಮಾಡಿ ಬದಲಿಸಿದ ನೀರಿನಿಂದ ಸತ್ತವೇ ಹೆಚ್ಚು. ಹಾಗಾಗಿ ಕೆಳಗೆ ಬರೆದದ್ದರಲ್ಲಿ ಮದ್ದಿನ ಮಾತಿಗಿಂತ ನೋಡುವ ಮಾತೇ ಜಾಸ್ತಿ ಇರುತ್ತದೆ.

ಮೊದಲ ಹತ್ತು ನಿಮಿಷ

ಟ್ಯಾಂಕಿನ ಎದುರು ಕುರ್ಚಿ ಹಾಕಿ ಕುಳಿತುಕೊಳ್ಳಿ. ಗಾಜು ತಟ್ಟಬೇಡಿ, ಕೈ ಅದ್ದಬೇಡಿ. ತಟ್ಟಿದರೆ ಲೋಚ್ ಇನ್ನಷ್ಟು ಮಂಕಾಗಿ ಅಡಗುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ.

ಮೊದಲು ಕಿವಿರು ನೋಡಿ. ಒಂದು ನಿಮಿಷಕ್ಕೆ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂದು ಗಡಿಯಾರ ಹಿಡಿದು ಎಣಿಸಿ. ಮೀನಿನ ಗಾತ್ರ, ನೀರಿನ ಬಿಸಿ ಇವುಗಳ ಮೇಲೆ ಈ ಲೆಕ್ಕ ಬದಲಾಗುವುದರಿಂದ ಎಲ್ಲರಿಗೂ ಹೊಂದುವ ಒಂದು ಅಂಕೆ ಹೇಳಲಾಗದು. ನಿಮ್ಮ ಮೀನು ಚೆನ್ನಾಗಿರುವ ದಿನ ಎಣಿಸಿ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಸಂಶಯ ಬಂದ ದಿನ ಹೋಲಿಸಲು ಅದೇ ಬೇಕಾಗುವುದು. ಬಣ್ಣ ಸುಳ್ಳು ಹೇಳಬಹುದು, ಕಿವಿರು ಹೇಳುವುದಿಲ್ಲ.

ಆಮೇಲೆ ಮಂಕಾದದ್ದು ಒಂದೋ, ಎಲ್ಲವೋ ಎಂದು ನೋಡಿ. ಒಂದೆರಡೇ ಆದರೆ ಹೆಚ್ಚಿನ ಸಲ ಅದು ಮೀನುಗಳ ನಡುವಿನ ವಿಷಯ. ಎಲ್ಲವೂ ಒಟ್ಟಿಗೆ ಮಂಕಾದರೆ ನೀರಿನ ವಿಷಯ, ಅಥವಾ ನೀರಿಗೆ ಬಿದ್ದ ಯಾವುದೋ ವಸ್ತುವಿನ ವಿಷಯ.

ಕೊನೆಯದಾಗಿ, ಹಿಂದಿನ ಎರಡು ದಿನಗಳಲ್ಲಿ ಏನು ಬದಲಾಯಿತು? ಹೊಸ ಮೀನು ಬಂತೇ, ನೀರು ಬದಲಿಸಿದ್ದೇ, ಬದಲಿಸಿದ್ದರೆ ಬಾವಿಯದೋ ನಳ್ಳಿಯದೋ ಟ್ಯಾಂಕರಿನದೋ, ಕರೆಂಟು ಎಷ್ಟು ಹೊತ್ತು ಹೋಗಿತ್ತು, ಫಿಲ್ಟರಿನ ಸ್ಪಂಜನ್ನು ಯಾರಾದರೂ ನಳ್ಳಿಯ ಕೆಳಗೆ ಹಿಡಿದು ತೊಳೆದರೇ. ಮನೆಯವರನ್ನೆಲ್ಲ ಕೇಳಬೇಕು. ನಮ್ಮಲ್ಲಿ ಒಮ್ಮೆ ನಾನು ಊರಲ್ಲಿಲ್ಲದಾಗ ಅಮ್ಮ ಪ್ರೀತಿಯಿಂದ ಸ್ಪಂಜು ಉಜ್ಜಿ ಬಿಸಿಲಿಗೆ ಒಣಗಿಸಿದ್ದರು. ಬ್ಯಾಕ್ಟೀರಿಯಾ ಎಲ್ಲ ಆ ಬಿಸಿಲಿನಲ್ಲೇ ಹೋಯಿತು.

ಒಂದೆರಡು ಮೀನು ಬೂದು ಬಣ್ಣಕ್ಕೆ ತಿರುಗಿದರೆ

ಕ್ಲೌನ್ ಲೋಚ್ ಸುಮಾತ್ರಾ ಮತ್ತು ಬೋರ್ನಿಯೊ ದ್ವೀಪಗಳ ನದಿ ಮೀನು. ಅಂಗಡಿಯಲ್ಲಿ ಬೆರಳುದ್ದ ಇರುವಾಗ ತರುತ್ತೇವೆ. ಸರಿಯಾಗಿ ಸಾಕಿದರೆ 20 ಸೆಂಟಿಮೀಟರ್ ದಾಟುತ್ತದೆ, ಇಪ್ಪತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಇದು ಗುಂಪಿನ ಮೀನು, ಗುಂಪಿನೊಳಗೆ ಯಾರು ದೊಡ್ಡವರು ಎಂಬ ಲೆಕ್ಕ ಇರುತ್ತದೆ. ಆ ಲೆಕ್ಕ ತೀರ್ಮಾನವಾಗುವ ಹೊತ್ತಿನಲ್ಲಿ ಎರಡು ಮೀನು ಮೈಗೆ ಮೈ ಒತ್ತಿಕೊಂಡು ಸುತ್ತು ಹೊಡೆಯುತ್ತವೆ, ಮೂತಿಯಿಂದ ನೂಕುತ್ತವೆ, ಟಕ್ ಟಕ್ ಎಂಬ ಸದ್ದು ಮಾಡುತ್ತವೆ. ಜಗಳ ಬಿರುಸಾದಾಗ ಎರಡರ ಮೈಯ ಕಿತ್ತಳೆಯೂ ಬೂದಿಯಂತಾಗಿ, ಕಪ್ಪು ಪಟ್ಟೆಗಳ ಅಂಚು ಕದಡಿಹೋಗುತ್ತದೆ. ಮೊದಲ ಸಲ ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ಜಗಳ ಮುಗಿದ ಮೇಲೆ ಬಣ್ಣ ಮರಳುತ್ತದೆ, ಗೆದ್ದದ್ದಕ್ಕೆ ಬೇಗ, ಸೋತದ್ದಕ್ಕೆ ತಡವಾಗಿ.

ಯೋಯೋ ಲೋಚ್ ಕೂಡ ಹೀಗೆಯೇ. ನಮ್ಮ ಘಟ್ಟದ ಜೀಬ್ರಾ ಲೋಚ್‌ ಕೂಡ ಯೋಯೋದ ಬೋಟಿಯಾ ಕುಲದ್ದೇ. ಅದರ ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬೋಟಿಯಾ ಸ್ಟ್ರಿಯಾಟಾ ಎಂಬ ಈ ಮೀನನ್ನು 1920ರಲ್ಲಿ ಲೋಕಕ್ಕೆ ತಿಳಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್. ಅವರಿಗೆ ಅದು ಸಿಕ್ಕಿದ್ದು ಶಿವಮೊಗ್ಗದ ತುಂಗಾ ನದಿಯಲ್ಲಿ. ಇಲ್ಲಿಂದ ಆಗುಂಬೆ ಘಾಟಿ ಹತ್ತಿದರೆ ಸಿಗುವ ನೀರಿನ ಮೀನು ಈಗ ಐಯುಸಿಎನ್ ಎಂಬ ಅಂತಾರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಅಳಿವಿನಂಚಿನದು. ಅಕ್ವೇರಿಯಂ ವ್ಯಾಪಾರಕ್ಕೆ ಕಾಡಿನ ಹೊಳೆಯಿಂದ ಹಿಡಿಯುವುದುಂಟು. ಇದು ನಿಮ್ಮ ಟ್ಯಾಂಕಿನಲ್ಲಿದ್ದರೆ ದಯವಿಟ್ಟು ಇನ್ನಷ್ಟು ಜಾಗ್ರತೆಯಿಂದ ನೋಡಿಕೊಳ್ಳಿ.

ಬೂದು ಬಣ್ಣ ಯಾವಾಗ ಚಿಂತೆಯ ವಿಷಯ? ಒಂದೇ ಮೀನು ದಿನಗಟ್ಟಲೆ ಮಂಕಾಗಿದ್ದು, ಉಳಿದವು ಉಣ್ಣುವಾಗ ಹೊರಗೆ ಬಾರದಿದ್ದರೆ ಅದಕ್ಕೆ ಕಾಟ ಹೆಚ್ಚಾಗಿದೆ ಎಂದು ಅರ್ಥ. ಎರಡು ಅಥವಾ ಮೂರೇ ಲೋಚ್ ಇರುವ ಟ್ಯಾಂಕಿನಲ್ಲಿ ಇದು ಬಹಳ. ದೊಡ್ಡದರ ದರ್ಪ ಎಲ್ಲ ಒಂದೇ ಮೀನಿನ ಮೇಲೆ ಬೀಳುತ್ತದೆ. ಐದಾರು ಮೀನು ಇದ್ದರೆ ಅದು ಹಂಚಿಹೋಗುತ್ತದೆ. ಒಂದೇ ಒಂದು ಲೋಚ್ ಸಾಕುವುದು ಅದಕ್ಕಿಂತಲೂ ಕೆಟ್ಟದ್ದು. ಅದು ಬಣ್ಣ ಬಿಟ್ಟು ಮೂಲೆ ಹಿಡಿದು ವರ್ಷಗಟ್ಟಲೆ ಹಾಗೇ ಇರುತ್ತದೆ. ಮೀನಿಗೊಂದರಂತೆ ಅಡಗುವ ಜಾಗ ಮಾಡಿಕೊಡಿ. ಒಡೆದ ಮಣ್ಣಿನ ಮಡಕೆಯ ತುಂಡು ಸಾಕು, ಅಂಚು ಉಜ್ಜಿ ನುಣುಪು ಮಾಡಿರಬೇಕು. ಕಲ್ಲು, ಕೊರಡುಗಳ ಜಾಗ ಒಮ್ಮೆ ಅದಲುಬದಲು ಮಾಡಿದರೆ ಎಲ್ಲರ ಗಡಿಯೂ ಅಳಿಸಿ ಹೊಸ ಲೆಕ್ಕ ಶುರುವಾಗುತ್ತದೆ.

ಕಾಯಿಲೆ ಅಲ್ಲದ ಬಣ್ಣ ಬದಲಾವಣೆ ಇನ್ನೂ ಕೆಲವು ಉಂಟು. ಬಿಳಿ ಕಲ್ಲು ಹಾಸಿದ ಟ್ಯಾಂಕಿನಲ್ಲಿ, ಪ್ರಖರ ಲೈಟಿನ ಕೆಳಗೆ ಲೋಚ್ ಯಾವಾಗಲೂ ಪೇಲವ. ಹೊಳೆಯ ಮರಳು ಹಾಕಿ ನೆರಳು ಕೊಟ್ಟು ನೋಡಿ. ಯೋಯೋ ಲೋಚ್ ಮರಿಯಿದ್ದಾಗ ಇಂಗ್ಲಿಷಿನ ವೈ ಮತ್ತು ಓ ಅಕ್ಷರಗಳಂತೆ ಕಾಣುವ ಗೆರೆಗಳು ಬೆಳೆದ ಮೇಲೆ ಒಡೆದು ಬಲೆಯಂತಾಗುತ್ತವೆ, ಅದು ಸಹಜ. ಹಾವಿನಂತೆ ಸಪೂರ ಇರುವ ಕೂಲಿ ಲೋಚ್‌ನ ಹೊಟ್ಟೆಯಲ್ಲಿ ಹಸಿರು ಛಾಯೆ ಕಂಡರೆ ಗಾಬರಿ ಬೇಡ, ಅದು ಹೆಣ್ಣು, ಚರ್ಮದ ಮೂಲಕ ಕಾಣುವುದು ಮೊಟ್ಟೆ. ಆದರೆ ಹೊಟ್ಟೆಯಲ್ಲೋ ರೆಕ್ಕೆಯ ಬುಡದಲ್ಲೋ ಕೆಂಪು ಗೆರೆ, ರಕ್ತದ ಮಚ್ಚೆ ಕಂಡರೆ ಅದು ಯಾವ ಲೆಕ್ಕದಲ್ಲೂ ಸಹಜವಲ್ಲ. ಬ್ಯಾಕ್ಟೀರಿಯಾ ಸೋಂಕು ಎಂದು ತಿಳಿದು ಬೇರೆ ಟ್ಯಾಂಕಿಗೆ ಹಾಕಿ.

ಎಲ್ಲ ಮೀನೂ ಒಟ್ಟಿಗೆ ಮಂಕಾದರೆ

ಇಲ್ಲಿ ನಾವಿರುವ ಊರಿನ ನೆಲ, ನೀರಿನ ವಿಷಯ ಬರುತ್ತದೆ. ಹೊರಗಿನ ಪುಸ್ತಕಗಳಲ್ಲಿ ಓದಿದ ಕ್ರಮ ನಮ್ಮಲ್ಲಿ ಕೈಕೊಡುವುದು ಇಲ್ಲೇ.

ಮಂಗಳೂರು, ಉಡುಪಿಯ ನೆಲ ಮುರಕಲ್ಲಿನದು, ಎಂದರೆ ಜಂಬಿಟ್ಟಿಗೆಯದು. ಮುರಕಲ್ಲಿನಲ್ಲಿ ಸುಣ್ಣದ ಅಂಶ ಇಲ್ಲದಷ್ಟು ಕಡಿಮೆ. ಅದರ ಮೂಲಕ ಇಳಿದು ಬಾವಿ ಸೇರುವ ಮಳೆನೀರು ತುಂಬಾ ಮೆದು, ಸ್ವಲ್ಪ ಹುಳಿ. ನಮ್ಮ ಬಾವಿಯಲ್ಲಿ ಮಳೆಗಾಲದಲ್ಲಿ ನಾನು ಅಳೆದಾಗಲೆಲ್ಲ ಪಿಎಚ್ 6ರ ಆಚೀಚೆ, ಕೆಎಚ್ (ಪಿಎಚ್ ಜಾರದಂತೆ ತಡೆಯುವ ಕ್ಷಾರದ ಅಳತೆ) ಒಂದು ಡಿಗ್ರಿ ಬಂದರೆ ಹೆಚ್ಚು. ಲೋಚ್‌ಗೆ ಮೆದು ನೀರು ಇಷ್ಟವೇ, ಅದರ ಊರಿನ ನೀರೂ ಹಾಗೆಯೇ. ತೊಂದರೆ ಇರುವುದು ಕೆಎಚ್ ಇಲ್ಲದಿರುವುದರಲ್ಲಿ. ಮೀನಿನ ಹೇಲು, ಉಳಿದ ಆಹಾರದಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ನೀರಿನ ಕ್ಷಾರ ಖರ್ಚಾಗುತ್ತದೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು ಏಳು ಮಿಲಿಗ್ರಾಂ ಕ್ಷಾರ. ಒಂದು ಡಿಗ್ರಿ ಕೆಎಚ್ ಎಂದರೆ ಲೀಟರಿಗೆ ಹದಿನೆಂಟು ಮಿಲಿಗ್ರಾಂ ಹತ್ತಿರ. ಲೆಕ್ಕ ಹಾಕಿದರೆ ಲೀಟರಿಗೆ ಎರಡೂವರೆ ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ ನಮ್ಮ ಬಾವಿನೀರಿನ ಪೂರ್ತಿ ಬಂಡವಾಳ ಮುಗಿಯುತ್ತದೆ. ದಿನಕ್ಕೆರಡು ಸಲ ಆಹಾರ ಹಾಕುವ ಟ್ಯಾಂಕಿನಲ್ಲಿ ಅದಕ್ಕೆ ಬಹಳ ದಿನ ಬೇಡ. ಆಮೇಲೆ ಪಿಎಚ್ ಜಾರುತ್ತಾ 6ಕ್ಕಿಂತ ಕೆಳಗೆ ಹೋಗುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಧಾನ ಮಾಡುತ್ತವೆ, ಅಮೋನಿಯಾ ಸೇರತೊಡಗುತ್ತದೆ.

ಸೇರಿದರೂ ಮೀನು ಸಾಯುವುದಿಲ್ಲ. ಹುಳಿ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದರ ವಿಷ ಕಡಿಮೆ. ಮೀನು ತುಸು ಮಂಕು, ತುಸು ಸೋಮಾರಿ, ಊಟ ಅರ್ಧ. ಸಾಕುವವರಿಗೆ ಏನೋ ಸರಿಯಿಲ್ಲ ಎಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಆಗ ಎಲ್ಲರೂ ಮಾಡುವ ಕೆಲಸ ನೀರು ಬದಲಿಸುವುದು. ಅಪಾಯ ಇರುವುದು ಅಲ್ಲಿ.

2019ರ ಮೇ ತಿಂಗಳಲ್ಲಿ ಊರಿಗೆ ನೀರಿನ ರೇಷನಿಂಗ್ ಇತ್ತು. ನಮ್ಮ ಬಾವಿ ತಳ ಕಂಡಿತ್ತು. ಮೂರು ವಾರ ಟ್ಯಾಂಕಿನ ನೀರು ಬದಲಿಸಿರಲಿಲ್ಲ, ಆರು ಕ್ಲೌನ್ ಲೋಚ್‌ಗಳೂ ಮಂಕಾಗಿದ್ದವು. ಟ್ಯಾಂಕರ್ ಬಂದ ಸಂಜೆ ಸಂತೋಷದಿಂದ ಅರ್ಧ ನೀರು ತೆಗೆದು ಹೊಸ ನೀರು ತುಂಬಿಸಿದೆ. ಒಂದು ಗಂಟೆಯೊಳಗೆ ಆರೂ ಮೀನು ಬೂದಿಯ ಬಣ್ಣಕ್ಕೆ ತಿರುಗಿ, ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದವು. ಟೆಸ್ಟ್ ಕಿಟ್ ತೆಗೆದು ನೋಡಿದ್ದು ಆಗ. ಟ್ಯಾಂಕರಿನ ನೀರಿನ ಪಿಎಚ್ 7.8. ಟ್ಯಾಂಕಿನೊಳಗೆ ಬೆರೆತ ಮೇಲೆ 7.5. ಹಳೆಯ ನೀರನ್ನು ಒಂದು ಬಾಲ್ದಿಯಲ್ಲಿ ಗಿಡಕ್ಕೆಂದು ಇಟ್ಟಿದ್ದೆ, ಅದರ ಪಿಎಚ್ 5.8.

ಪಿಎಚ್ ಒಂದು ಅಂಕ ಏರಿದರೆ ವಿಷರೂಪದ ಅಮೋನಿಯಾ ಸುಮಾರು ಹತ್ತು ಪಟ್ಟಾಗುತ್ತದೆ. ಅರ್ಧ ನೀರು ತೆಗೆದಿದ್ದರಿಂದ ಒಟ್ಟು ಅಮೋನಿಯಾ ಅರ್ಧವಾಗಿದ್ದೇನೋ ನಿಜ. ಆದರೆ ಉಳಿದ ಅರ್ಧದಲ್ಲಿ ವಿಷದ ಪಾಲು ಐವತ್ತು ಪಟ್ಟು ಹತ್ತಿರ ಏರಿತ್ತು. ಪಕ್ಕದ ಮನೆಯ ಬಾವಿಯಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಎರಡು ಬಾಲ್ದಿ ತಂದು, ಏರ್ ಪಂಪಿನ ಕೊಳವೆ ಇಳಿಸಿ, ಮೀನುಗಳನ್ನು ಅದಕ್ಕೆ ವರ್ಗಾಯಿಸಿದೆ. ನಾಲ್ಕು ಉಳಿದವು. ಎರಡು ಬೆಳಿಗ್ಗೆಯೊಳಗೆ ಹೋದವು, ಅದರಲ್ಲಿ ಒಂದು ನನ್ನ ಬಳಿ ಏಳು ವರ್ಷ ಇದ್ದದ್ದು.

ಹಾಗಾಗಿ ಎಲ್ಲ ಮೀನೂ ಮಂಕಾದಾಗ ನೀರು ಬದಲಿಸುವ ಮೊದಲು ಪಿಎಚ್, ಅಮೋನಿಯಾ, ನೈಟ್ರೈಟ್ (ಅಮೋನಿಯಾ ನೈಟ್ರೇಟ್ ಆಗುವಾಗ ನಡುವೆ ಬರುವ ರೂಪ), ಕೆಎಚ್ ನಾಲ್ಕನ್ನೂ ಅಳೆಯಿರಿ, ಟ್ಯಾಂಕಿನ ನೀರಿನಲ್ಲೂ ಹಾಕಲಿರುವ ನೀರಿನಲ್ಲೂ. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಪಿಎಚ್ ಪಕ್ಕದಲ್ಲಿಟ್ಟು ಓದಿದರೆ ಮಾತ್ರ ಅದಕ್ಕೆ ಅರ್ಥ. ಅಮೋನಿಯಾ ಕಂಡು, ಪಿಎಚ್ ತಗ್ಗಿದ್ದರೆ, ಆಹಾರ ಪೂರ್ತಿ ನಿಲ್ಲಿಸಿ, ಗಾಳಿ ಹೆಚ್ಚಿಸಿ, ಅದೇ ತರಹದ ಬಾವಿನೀರಿನಿಂದಲೇ ಬದಲಿಸಿ. ಅದಿಲ್ಲದಿದ್ದರೆ ದಿನಕ್ಕೆ ಹತ್ತನೇ ಒಂದು ಪಾಲಿನಂತೆ, ಹನಿಹನಿಯಾಗಿ ಇಳಿಸಿ. ಅಮೋನಿಯಾ ಸೊನ್ನೆಗೆ ಬಂದ ಮೇಲೆ ಕೆಎಚ್ ಏರಿಸುವ ಕೆಲಸ. ಇದಕ್ಕೆ ನಮ್ಮ ಊರಿನಲ್ಲೇ ಒಳ್ಳೆಯ ಸಾಮಾನು ಉಂಟು. ಮರುವಾಯಿ (ಕಪ್ಪೆಚಿಪ್ಪು) ಪದಾರ್ಥ ಮಾಡಿದ ದಿನ ಉಳಿಯುವ ಚಿಪ್ಪನ್ನು ಕುದಿಸಿ, ತಿಕ್ಕಿ ತೊಳೆದು, ಒಣಗಿಸಿ, ಒರಟಾಗಿ ಜಜ್ಜಿ ಸಣ್ಣ ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಡಿ. ನೀರು ಹುಳಿಯಾದಷ್ಟೂ ಚಿಪ್ಪು ಕರಗಿ ಕ್ಷಾರ ಬಿಡುತ್ತದೆ. 200 ಲೀಟರಿಗೆ ನಾನು ಒಂದು ಮುಷ್ಟಿ ಇಟ್ಟು ಶುರುಮಾಡಿದ್ದು. ವಾರಕ್ಕೊಮ್ಮೆ ಅಳೆದು, ಕೆಎಚ್ ಮೂರು ಡಿಗ್ರಿಯ ಸುತ್ತ ನಿಲ್ಲುವಷ್ಟು ಮಾತ್ರ ಸೇರಿಸಿ. ಸುಟ್ಟ ಸುಣ್ಣ ಮಾತ್ರ ಯಾವ ಕಾರಣಕ್ಕೂ ಹಾಕಬಾರದು, ಪಿಎಚ್ ಒಮ್ಮೆಗೇ ಜಿಗಿಯುತ್ತದೆ.

ಅಮೋನಿಯಾ ಇಲ್ಲದೆ ನೈಟ್ರೈಟ್ ಕಂಡರೆ ಮೀನು ವೇಗವಾಗಿ ಉಸಿರಾಡುತ್ತದೆ, ಕಿವಿರು ಕೆಂಪು ಬಿಟ್ಟು ಕಂದು ಬಣ್ಣವಾಗುತ್ತದೆ. ಸ್ವಲ್ಪ ಕಲ್ಲುಪ್ಪು ಅಲ್ಲಿ ನಿಜವಾಗಿ ಸಹಾಯ ಮಾಡುತ್ತದೆ. ಉಪ್ಪಿನ ಕ್ಲೋರೈಡ್, ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಹೋಗುವುದನ್ನು ತಡೆಯುತ್ತದೆ.

ನಳ್ಳಿ ನೀರಿನ ಕಥೆ ಬೇರೆ. ಮಂಗಳೂರಿಗೆ ತುಂಬೆಯಲ್ಲಿ ನೇತ್ರಾವತಿಯಿಂದ, ಉಡುಪಿಗೆ ಬಜೆಯಲ್ಲಿ ಸ್ವರ್ಣೆಯಿಂದ ಬರುವ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಹಾಕಲೇಬೇಕು. ನೀರು ಬದಲಿಸಿದ ಕೂಡಲೇ ಮೀನು ಮಂಕಾಗಿ ಮೈಮೇಲೆ ಲೋಳೆ ಹೆಚ್ಚಾದರೆ ಕ್ಲೋರಿನ್ ಎಂದು ಊಹಿಸಿ. ಆಂಟಿ ಕ್ಲೋರಿನ್ ಹನಿ ಹಾಕಿ, ಅಥವಾ ಬಾಲ್ದಿಯಲ್ಲಿ ಒಂದು ದಿನ ಗಾಳಿ ಆಡಿಸಿ ಬಳಸಿ. ಕಡಲಿಗೆ ಹತ್ತಿರದ ಮನೆಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಬಾವಿನೀರು ಉಪ್ಪಾಗುವುದೂ ಉಂಟು, ನಾಲಗೆಗೆ ತಾಗಿಸಿ ನೋಡಿದರೆ ತಿಳಿಯುತ್ತದೆ.

ಅಳತೆ ಎಲ್ಲ ಸರಿ ಇದ್ದೂ ಎಲ್ಲವೂ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ. 25 ಡಿಗ್ರಿಯ ನೀರು ಲೀಟರಿಗೆ 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯದು 7.5. ಕರೆಂಟು ಹೋದ ರಾತ್ರಿ ಗಿಡಗಳೂ ಅದನ್ನೇ ಉಸಿರಾಡುತ್ತವೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ಇಲ್ಲದಿದ್ದರೆ ಚೊಂಬಿನಿಂದ ನೀರೆತ್ತಿ ಎತ್ತರದಿಂದ ಸುರಿಯುತ್ತಾ ಕುಳಿತುಕೊಳ್ಳಬೇಕು, ನಾನು ಬೆಳಗಿನ ಜಾವದವರೆಗೆ ಕುಳಿತದ್ದುಂಟು. ಸೆಕೆಗಾಲದಲ್ಲಿ ಟ್ಯಾಂಕಿನ ಮೇಲೆ ಫ್ಯಾನ್ ಬೀಸಿಸುವ ಉಪಾಯ ಒಣ ಹವೆಯ ಊರಿನಷ್ಟು ನಮ್ಮಲ್ಲಿ ಫಲ ಕೊಡುವುದಿಲ್ಲ, ಗಾಳಿಯಲ್ಲೇ ನೀರು ತುಂಬಿರುತ್ತದೆ.

ಹಠಾತ್ತನೆ ಹುಚ್ಚೆದ್ದಂತೆ ಓಡಿದರೆ

ಬಣ್ಣ ಹೋಗಿ, ಮೀನುಗಳು ಗುರಿಯಿಲ್ಲದೆ ಗಾಜಿಗೆ ಡಿಕ್ಕಿ ಹೊಡೆಯುತ್ತಾ, ಮೈ ಅದುರುತ್ತಿದ್ದರೆ ಕೇಳಬೇಕಾದದ್ದು ಒಂದೇ ಪ್ರಶ್ನೆ: ಸೊಳ್ಳೆಗೆ ಏನಾದರೂ ಹೊಡೆದಿರಾ? ಮಲೇರಿಯಾದ ಭಯ ಇರುವ ಊರು ನಮ್ಮದು. ಮಳೆ ಶುರುವಾದರೆ ಮನೆಯೊಳಗೆ ಸ್ಪ್ರೇ, ರಸ್ತೆಯಲ್ಲಿ ಹೊಗೆ. ಆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಮನುಷ್ಯರಿಗೆ ಅಷ್ಟೇನೂ ಆಗದಿದ್ದರೂ ಮೀನಿಗೆ ಘೋರ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನು ಎಳೆದು ನೇರ ನೀರಿಗೆ ತಳ್ಳುತ್ತದೆ. ಕಿಟಕಿ ತೆರೆದು, ಪಂಪನ್ನು ಶುದ್ಧ ಗಾಳಿ ಇರುವ ಕಡೆ ಇಟ್ಟು, ಕೂಡಲೇ ಅರ್ಧ ನೀರು ಬದಲಿಸಿ ವಿಷ ಹೀರುವ ಇದ್ದಿಲು (ಆಕ್ಟಿವೇಟೆಡ್ ಕಾರ್ಬನ್) ಹಾಕಿ. ಇಲ್ಲಿ ಮಾತ್ರ ಅಳತೆಗೆ ಕಾಯುವ ಸಮಯ ಇಲ್ಲ. ಬದಲಿಸುವ ನೀರು ಎಂದಿನದೇ ಇರಲಿ.

ಮೈ ಉಜ್ಜಿಕೊಳ್ಳುವುದು, ಬಿಳಿ ಚುಕ್ಕೆ

ಕಲ್ಲಿಗೆ ಮೈ ತಿಕ್ಕಿ ಜಾರುವುದು ಅಪರೂಪಕ್ಕೊಮ್ಮೆ ಆದರೆ ಏನಲ್ಲ. ಮತ್ತೆ ಮತ್ತೆ ಆದರೆ ಟಾರ್ಚ್ ಅಡ್ಡ ಹಿಡಿದು ಮೈ ನೋಡಿ. ಚಿರೋಟಿ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಇದ್ದರೆ ಅದು ಇಕ್ ಎಂಬ ಪರೋಪಜೀವಿಯ ರೋಗ. ಕ್ಲೌನ್ ಲೋಚ್‌ನಲ್ಲಿ ಕಪ್ಪು ಪಟ್ಟೆಯ ಮೇಲೆ ಮೊದಲು ಕಣ್ಣಿಗೆ ಬೀಳುತ್ತದೆ. ಅರಸಿನ ಪುಡಿ ಚಿಮುಕಿಸಿದಂತೆ ಇನ್ನೂ ನಯವಾದ ಹೊಂಬಣ್ಣ ಕಂಡರೆ ಅದು ವೆಲ್ವೆಟ್ ಎಂಬ ಬೇರೆ ರೋಗ.

ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ನೀರು ಒಮ್ಮೆಗೆ ಐದಾರು ಡಿಗ್ರಿ ತಣಿಯುತ್ತದೆ. ಲೋಚ್‌ಗೆ ಇಕ್ ತಗಲುವುದು ಆ ದಿನಗಳಲ್ಲೇ ಹೆಚ್ಚು, ಅದರಲ್ಲೂ ಹೊಸ ಮೀನು ತಂದವರಲ್ಲಿ. ಹೊಸದನ್ನು ಮೂರು ನಾಲ್ಕು ವಾರ ಬೇರೆ ಇಡುವ ಕಷ್ಟ ತೆಗೆದುಕೊಂಡವರಿಗೆ ಇದು ಬಹುತೇಕ ಬರುವುದೇ ಇಲ್ಲ.

ಇಕ್ ಪರೋಪಜೀವಿಯು ಮೀನಿನ ಚರ್ಮದೊಳಗೆ ಕುಳಿತಿರುವಾಗ ಯಾವ ಮದ್ದೂ ಅದನ್ನು ಮುಟ್ಟುವುದಿಲ್ಲ. ಅದು ಉದುರಿ ತಳಕ್ಕೆ ಬಿದ್ದು, ನೂರಾರಾಗಿ ಒಡೆದು, ಹೊಸ ಮೀನು ಹುಡುಕುತ್ತಾ ಈಜುವ ಹೊತ್ತಿನಲ್ಲಿ ಮಾತ್ರ ಸಾಯುತ್ತದೆ. ಅದಕ್ಕೇ ಎರಡು ದಿನ ಮದ್ದು ಹಾಕಿ ಚುಕ್ಕೆ ಹೋಯಿತು ಎಂದು ನಿಲ್ಲಿಸಿದವರಿಗೆ ವಾರದೊಳಗೆ ದುಪ್ಪಟ್ಟಾಗಿ ಮರಳುತ್ತದೆ. ಹೀಟರ್ ಇಟ್ಟು ನೀರನ್ನು ನಿಧಾನವಾಗಿ 29, 30 ಡಿಗ್ರಿಗೆ ತನ್ನಿ, ಆ ಚಕ್ರ ಬೇಗ ತಿರುಗುತ್ತದೆ. ಗಾಳಿ ಹೆಚ್ಚಿಸಿ. ದಿನವೂ ತಳವನ್ನು ಸೈಫನ್ ಕೊಳವೆಯಿಂದ ಎಳೆದು ಚೆಲ್ಲಿ, ಬಿದ್ದ ಕೋಶಗಳು ಒಂದಷ್ಟು ಅದರಲ್ಲೇ ಹೋಗುತ್ತವೆ. ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಒಂದು ದಿನದ ಅವಧಿಯಲ್ಲಿ ಕಂತು ಕಂತಾಗಿ ಸೇರಿಸಿ, ಮೀನು ತಡೆದುಕೊಂಡರೆ ಮರುದಿನ ಎರಡು ಗ್ರಾಂಗೆ ಏರಿಸಿ. ಮಲಕೈಟ್ ಗ್ರೀನ್ ಇರುವ ಮದ್ದೇ ಬೇಕೆಂದಾದರೆ ಬಾಟಲಿಯಲ್ಲಿ ಬರೆದದ್ದರ ಅರ್ಧ. ಲೋಚ್‌ನ ಹುರುಪೆ ತೀರಾ ಚಿಕ್ಕದು, ಚರ್ಮದೊಳಗೆ ಹುದುಗಿರುತ್ತದೆ, ಗೋಲ್ಡ್ ಫಿಷ್ ತಡೆಯುವ ಮದ್ದು ಇದಕ್ಕೆ ಸುಡುತ್ತದೆ. ತಾಮ್ರ ಇರುವ ಮದ್ದು ಬೇಡವೇ ಬೇಡ. ಕೊನೆಯ ಚುಕ್ಕೆ ಮಾಯವಾದ ಮೇಲೂ ನಾಲ್ಕು ದಿನ ಮುಂದುವರಿಸಬೇಕು.

ಮಳೆಗೆ ಮುಂಚೆ ಓಡಾಟ

ಸಂಜೆ ಕಪ್ಪು ಮೋಡ ಕಟ್ಟುವಾಗ ಕೂಲಿ ಲೋಚ್‌ಗಳು ಮರಳಿನಿಂದ ಎದ್ದು ಗಾಜಿನುದ್ದಕ್ಕೂ ಮೇಲೆ ಕೆಳಗೆ ಓಡಾಡುವುದನ್ನು ಹಲವರು ಕಂಡಿದ್ದೀರಿ. ಗಾಳಿಯ ಒತ್ತಡ ಕುಸಿಯುವುದಕ್ಕೆ ಹೀಗೆ ಚುರುಕಾಗುವ ಗುಣದಿಂದಲೇ ಚೀನಾ, ಜಪಾನ್ ಕಡೆಯ ಒಂದು ಲೋಚ್‌ಗೆ ವೆದರ್ ಲೋಚ್ ಎಂದೇ ಹೆಸರು. ಅದು ಮೇಲೆ ಬಂದು ಗಾಳಿ ನುಂಗಿ ಕರುಳಿನ ಮೂಲಕವೂ ಉಸಿರಾಡಬಲ್ಲದು. ನಮ್ಮ ತೋಡುಗಳ ಮರಳಿನಲ್ಲಿ ಹುದುಗಿರುವ ಸಣ್ಣ ಮುಳ್ಳು ಲೋಚ್‌ಗೂ ಆ ಶಕ್ತಿ ಉಂಟು. ಹಾಗಾಗಿ ಒಂದು ಮೀನು ಚಕ್ಕನೆ ಮೇಲೆ ಹೋಗಿ ಒಂದು ಗುಟುಕು ಗಾಳಿ ಹಿಡಿದು ಚಕ್ಕನೆ ಕೆಳಗಿಳಿದರೆ ಸಹಜ. ಮೇಲೆಯೇ ನಿಂತು ಬಾಯಿ ತೆರೆದು ಮುಚ್ಚುತ್ತಿದ್ದರೆ ಸಹಜವಲ್ಲ, ಮೇಲೆ ಹೇಳಿದ ನೀರಿನ ಅಳತೆಗೆ ಹಿಂತಿರುಗಿ. ಇಂಥ ಸಂಜೆಗಳಲ್ಲಿ ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ, ವಯರು ಹೋಗುವ ಸಂದಿಯಿಂದಲೂ ಅವು ಹೊರಗೆ ಬೀಳುತ್ತವೆ.

ತಿಂದರೂ ಸೊರಗಿದರೆ

ತಲೆ ದೊಡ್ಡದು, ತಲೆಯ ಹಿಂದಿನ ಬೆನ್ನು ಕತ್ತಿಯ ಬಾಯಂತೆ ತೆಳು. ತಿನ್ನುತ್ತದೆ, ಆದರೂ ಮೈ ಹಿಡಿಯುವುದಿಲ್ಲ. ಕಾಡಿನ ಹೊಳೆಯಲ್ಲಿ ಹಿಡಿದು ತಂದ ಮೀನುಗಳಲ್ಲಿ ಇದು ಸಾಮಾನ್ಯ, ಕಾರಣ ಹೆಚ್ಚಾಗಿ ಹೊಟ್ಟೆಯ ಹುಳ. ಆಡು, ದನಗಳಿಗೆ ಕೊಡುವ ಲೆವಮಿಸೋಲ್ ಇದಕ್ಕೆ ಮದ್ದು. ಲೀಟರಿಗೆ ಎರಡು ಮಿಲಿಗ್ರಾಂ ಮೂಲ ಔಷಧಿ ಬೀಳುವಂತೆ ಲೆಕ್ಕ ಹಾಕಿ, ಲೈಟ್ ಆಫ್ ಮಾಡಿ, ಬೆಳಕು ಆ ಮದ್ದನ್ನು ಕೆಡಿಸುತ್ತದೆ. ಒಂದು ದಿನ ಬಿಟ್ಟು ಅರ್ಧ ನೀರು ಬದಲಿಸಿ, ತಳ ಎಳೆಯಿರಿ. ಎರಡು ಮೂರು ವಾರದ ನಂತರ ಇನ್ನೊಮ್ಮೆ, ಮೊಟ್ಟೆಯಿಂದ ಹೊರಬಂದ ಹುಳಗಳಿಗೆ. ಪುಡಿಯಲ್ಲಿ ಮೂಲ ಔಷಧಿ ಎಷ್ಟು ಶೇಕಡಾ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಪಶುವೈದ್ಯರ ಹತ್ತಿರ ಒಮ್ಮೆ ಆ ಲೆಕ್ಕ ತೋರಿಸಿ.

ಬೇರೆ ಟ್ಯಾಂಕಿಗೆ ಹಾಕುವಾಗ

ಮೇಲೆ ಕೆಲವು ಕಡೆ ಮೀನನ್ನು ಬೇರೆ ಮಾಡಿ ಎಂದಿದ್ದೇನೆ. ಬಲೆಯಲ್ಲಿ ಹಿಡಿಯಬೇಡಿ. ಕ್ಲೌನ್ ಲೋಚ್‌ನ ಕಣ್ಣಿನ ಕೆಳಗೆ ಎರಡು ಕವಲಿನ ಮುಳ್ಳು ಇರುತ್ತದೆ. ಸಾಮಾನ್ಯಕ್ಕೆ ತೋಡಿನೊಳಗೆ ಮಡಚಿರುತ್ತದೆ, ಹೆದರಿದಾಗ ಹೊರಗೆ ನಿಂತು ಬಿಗಿಯಾಗುತ್ತದೆ. ಬಲೆಗೆ ಸಿಕ್ಕಿಕೊಂಡರೆ ಎಳೆದಷ್ಟೂ ಕಣ್ಣಿನ ಸುತ್ತ ಹರಿಯುತ್ತದೆ. ಈಗಾಗಲೇ ಸಿಕ್ಕಿಕೊಂಡಿದ್ದರೆ ಬಲೆಯನ್ನು ನೀರಿನೊಳಗೇ ಹಿಡಿದು ಕತ್ತರಿಯಿಂದ ಆ ನೂಲನ್ನು ಕತ್ತರಿಸಿ. ಇಲ್ಲದಿದ್ದರೆ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬವನ್ನು ಮೀನು ಅಡಗುವ ಮಡಕೆ ತುಂಡಿನ ಬಾಯಿಗೆ ಇಟ್ಟು, ಮೆಲ್ಲ ಮಡಕೆ ಓರೆ ಮಾಡಿ, ನೀರಿನ ಸಮೇತ ಎತ್ತಿಕೊಳ್ಳಿ.